ಗೇಟಿನಿಂದ ಕಲ್ಲಿನವರೆಗೆ

ಈಗ ಬಸ್ಸು ಹೋದರೆ ಟೇಪು ಹಾರುತ್ತದೆ ಅಂದುಕೊಳ್ಳುವಷ್ಟರಲ್ಲಿ ಹಾರಿಯೇ ಬಿಟ್ಟಿತು, ಹಳದಿ ಟೇಪು, ಸಿದ್ದಾಪುರದ ಬಸ್ಸಿನ ಗಾಳಿಗೆ ನಡು ಎತ್ತಿ ಒಮ್ಮೆ ಕುಣಿದು ಮತ್ತೆ ರಸ್ತೆಯಂಚಿನ ಮಣ್ಣಿಗೆ ಬಿತ್ತು, ತುದಿ ಮಾತ್ರ ಅಲ್ಲಾಡಲಿಲ್ಲ, ತುದಿಯ ಮೇಲೆ ಅಬಕಾರಿ ಗಾರ್ಡಿನ ಬೂಟಿದೆ — ಕಪ್ಪು ಬೂಟು, ಹಿಮ್ಮಡಿ ಸವೆದದ್ದು, ಹೋಟೆಲಿನ ಗೇಟಿನ ಸರೀ ಮಧ್ಯಕ್ಕೆ ಊರಿಕೊಂಡಿದೆ, ಮಧ್ಯದಿಂದಲೇ ಅಳೆಯಬೇಕಂತೆ, ಮೂಲೆಯಿಂದ ಅಳೆದರೆ ನಡೆಯುವುದಿಲ್ಲವಂತೆ, ಕಾವ್ಯಶ್ರೀ ಗಲ್ಲಾದ ಹಿಂದೆ ನಿಂತು ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಿದ್ದಾಳೆ, ಒಳಗೆ ಬಂಗಡೆ ಸಾರು ಕುದಿಯುತ್ತಿದೆ, ಹುಳಿ ಹಾಕಿದ್ದೇನೋ ಇಲ್ಲವೋ, ಹಾಕಿದ್ದೇನೆ, ಹಾಕದೆ ಎಲ್ಲಿ ಹೋಗುತ್ತದೆ, ಈ ಗಾರ್ಡು ಹಾವೇರಿ ಕಡೆಯವನು, ಬಂದವನೇ ಅಕ್ಕಾರ ಒಂದ್ ಗ್ಲಾಸ್ ನೀರ್ ಕೊಡ್ರಿ ಅಂದ, ಪಾಪದವನ ಹಾಗೆ ಕಾಣುತ್ತಾನೆ, ಇನ್ಸ್‌ಪೆಕ್ಟರ್ ಮಾತ್ರ ನೀರೂ ಬೇಡ ಚಹಾವೂ ಬೇಡ ಮೊದಲು ಅಳತೆ ಮುಗೀಲಿ ಅಂದರು, ನೆಟ್ಟಗಿನ ಮನುಷ್ಯ ಅಂತ ಲೈಸೆನ್ಸು ಮಾಡಿಸುವ ಏಜೆಂಟ್ ಸಂಗಯ್ಯ ಮೊದಲೇ ಹೇಳಿದ್ದ, ಕೈ ಬೆಚ್ಚಗೆ ಮಾಡಾಕ ಹೋಗಬ್ಯಾಡ್ರಿ, ಇದ್ದದ್ದೂ ಕೆಡತೈತಿ. ಗೇಟಿನಿಂದ ಶಾಲೆಯ ಗೇಟಿನವರೆಗೆ ಅಳೆಯುತ್ತಾರೆ, ಮನುಷ್ಯರು ನಡೆದು ಹೋಗುವ ದಾರಿಯಲ್ಲೇ, ಕಾಯ್ದೆ ಹೇಳಿದ ದೂರದೊಳಗೆ ಶಾಲೆ ಇರಬಾರದು, ಆಸ್ಪತ್ರೆ ಇರಬಾರದು, ಗುಡಿ ಇರಬಾರದು. ಶಾಲೆ ದೂರವಿದೆ, ಸಂಗಯ್ಯ ಹೆಜ್ಜೆ ಹಾಕಿ ನೋಡಿದ್ದಾನೆ, ಆಸ್ಪತ್ರೆಯಂತೂ ಪೇಟೆಯೊಳಗೆ. ಗುಡಿ ಇಲ್ಲ. ನಿನ್ನೆ ಮಧ್ಯಾಹ್ನದವರೆಗೆ ಇತ್ತು.

ಲೈಸೆನ್ಸು ಬೇಕು, ಬೇಕೇ ಬೇಕು, ಇದರಲ್ಲಿ ಮುಚ್ಚುಮರೆ ಎಂತದು, ಹೆಂಗಸು ಬಾರ್ ಬೇಕು ಅನ್ನುವುದಾ ಅಂತ ತವರಿನಲ್ಲಿ ಅಣ್ಣ ಮುಖ ಸಿಂಡರಿಸಿದ, ಅವನಿಗೇನು, ಅವನು ಸೊಸೈಟಿಯಲ್ಲಿ ಕುರ್ಚಿ ಬಿಸಿ ಮಾಡುವವನು, ಇಲ್ಲಿ ನಿಂತು ನೋಡಲಿ — ಜೋಗಕ್ಕೆ ಹೋಗುವವರು ಕಾರಿಂದ ಇಳಿಯುತ್ತಾರೆ, ಘಮ್ಮೆನ್ನುವ ವಾಸನೆಗೆ ಮೂಗು ಅರಳಿಸುತ್ತಾರೆ, ಕೂರುತ್ತಾರೆ, ನೀರು ಕುಡಿಯುತ್ತಾರೆ, ಬಿಯರ್ ಸಿಗ್ತದಾ ಮೇಡಂ ಅನ್ನುತ್ತಾರೆ, ಇಲ್ಲ ಸರ್ ಅಂದರೆ ಒಬ್ಬರ ಮುಖ ಒಬ್ಬರು ನೋಡಿ ಎದ್ದು ಹೋಗುತ್ತಾರೆ, ಕುಡಿದ ನೀರಿನ ಲೋಟ ತೊಳೆಯುವುದಷ್ಟೇ ಲಾಭ. ಸಾರು ಅವಳದ್ದು, ಮಸಾಲೆ ಅವಳು ಕೂತು ರುಬ್ಬಿಸಿದ್ದು, ಊಟ ಮಾತ್ರ ಪೇಟೆಯ ಹಳೇ ಬಾರಿನಲ್ಲಿ, ಅಲ್ಲಿ ಮೀನು ಯಾವತ್ತಿನದೋ ದೇವರಿಗೇ ಗೊತ್ತು, ಆದರೆ ಅವರಿಗೆ ಲೈಸೆನ್ಸಿದೆ, ಅಜ್ಜನ ಕಾಲದ್ದು, ಊರಿಗೆ ಇಂತಿಷ್ಟೇ ಬಾರು ಅಂತ ಸರ್ಕಾರ ಗೆರೆ ಎಳೆದು ಕೂತು ಅವಳು ಹುಟ್ಟಿದಷ್ಟೇ ವರ್ಷ ಆಗಿರಬೇಕು, ಹೊಸದು ಕೊಡುವುದಿಲ್ಲ, ಇದ್ದವರು ಬಿಡುವುದಿಲ್ಲ. ಕೆಲವರು ಬಾಟಲಿ ತಾವೇ ತಂದು ಮೇಜಿನಡಿ ಇಟ್ಟುಕೊಂಡರು, ಅಕ್ಕ ಸೋಡಾ ಅಷ್ಟೇ ಕೊಡಿ, ಕೊಟ್ಟಳು, ಒಂದು ದಿನ ಪೊಲೀಸರು ಬಂದರು, ಬಾಟಲಿ ತಂದವರನ್ನು ಬಿಟ್ಟು ಗಂಡ ಸುಭಾಷನನ್ನು ಕರೆದುಕೊಂಡು ಹೋದರು, ಅವನು ಸಂಜೆಯವರೆಗೆ ಠಾಣೆಯ ಬೆಂಚಿನ ಮೇಲೆ ಕೂತು ಬಂದವನು ಊಟ ಮಾಡಲಿಲ್ಲ, ಇನ್ನೊಂದ್ಸಲ ಸಿಕ್ಕಿದ್ರೆ ಹೋಟ್ಲು ಬಾಗ್ಲು ಹಾಕಸ್ತಾರಂತೆ ಅಂತ ಅಷ್ಟೇ ಹೇಳಿ ಗೋಡೆ ಕಡೆ ತಿರುಗಿ ಮಲಗಿದ. ಅಂದಿನಿಂದ ಸೋಡಾ ಇಲ್ಲ, ಸೋಡಾ ಇಲ್ಲ ಅಂದಮೇಲೆ ಅವರೂ ಇಲ್ಲ, ಮೀನು ಹೆಚ್ಚುವ ಹೊನ್ನಿಗೆ ಭಾನುವಾರ ಮಾತ್ರ ಬಾ ಅಂದದ್ದಾಯಿತು, ಹೊನ್ನಿ ಆಯ್ತಕ್ಕ ಅಂದಳು. ಲೈಸೆನ್ಸು ಬರದಿದ್ದರೆ ಈ ಮಳೆಗಾಲ ದಾಟುವುದಿಲ್ಲ ಹೋಟೆಲು, ಇದು ಅವಳಿಗೆ ಗೊತ್ತು, ಸುಭಾಷನಿಗೂ ಗೊತ್ತು.

ಗಾರ್ಡು ಬೂಟು ಎತ್ತಿದ. ಇನ್ಸ್‌ಪೆಕ್ಟರ್ ಲೈಟ್ ಕಂಬದ ಹತ್ತಿರ ನಿಂತು ಏನೋ ಬರೆದುಕೊಂಡರು, ಗಾರ್ಡು ಓಡಿ ಹೋಗಿ ಅಲ್ಲಿ ಟೇಪಿನ ತುದಿ ನೆಲಕ್ಕಿಟ್ಟು ಮತ್ತೆ ಬೂಟು ಊರಿದ, ಇನ್ಸ್‌ಪೆಕ್ಟರ್ ಮುಂದೆ ಎಳೆದುಕೊಂಡು ಹೊರಟರು, ಹೀಗೇ, ಒಂದು ಟೇಪಿನಷ್ಟು ನಡೆಯುವುದು, ತುಳಿಯುವುದು, ಮತ್ತೆ ನಡೆಯುವುದು, ಸುಭಾಷ ಅವರ ಹಿಂದೆ ಹಿಂದೆಯೇ, ಕೈ ಎರಡೂ ಹಿಂದೆ ಕಟ್ಟಿಕೊಂಡು, ಹೆಣ್ಣು ತೋರಿಸುವ ಮನೆಯ ತಂದೆಯ ಹಾಗೆ. ರೂಮು ನೋಡಿದ್ದಾಯಿತು ಬೆಳಿಗ್ಗೆಯೇ. ಬರೀ ಬಾರಿಗೆ ಹೊಸಾ ಲೈಸೆನ್ಸ್ ಇಲ್ಲ, ಲಾಡ್ಜ್ ಇದ್ದವರಿಗೆ ಬೇರೆ ದಾರಿ ಐತ್ರಿ ಅಂತ ಸಂಗಯ್ಯ ಹೇಳಿದ ದಿನವೇ ಮಾಳಿಗೆಯ ಮೇಲಿನ ಸಂಸಾರ ಲಾಡ್ಜ್ ಆಯಿತು, ಸರ್ಕಾರ ಕೇಳುವಷ್ಟು ಕೋಣೆ ಆಗಬೇಕಲ್ಲ, ದೊಡ್ಡ ಕೋಣೆಗೆ ನಡುವೆ ಗೋಡೆ, ದೇವರ ಕೋಣೆಗೂ ಒಂದು ನಂಬರು, ಗಂಡ ಹೆಂಡತಿ ಕೆಳಗೆ ಅಕ್ಕಿ ಚೀಲದ ಪಕ್ಕ ಮಲಗುವುದು, ಅತ್ತೆ ಚೌಡಮ್ಮ ಮಾತ್ರ ತನ್ನ ಕೋಣೆ ಬಿಡಲಿಲ್ಲ, ನಂಬ್ರ ಬೇಕಾರೆ ಹಾಕ್ಕಳಿ, ನಾ ಇಲ್ಲೇ ಇರದು. ಒಂಬತ್ತು ಅಂತ ಬಾಗಿಲಿಗೆ ಬಂತು. ಇವತ್ತು ಇನ್ಸ್‌ಪೆಕ್ಟರ್ ಒಂಬತ್ತರ ಬಾಗಿಲು ತೆಗೆದರೆ ಮಂಚದ ಮೇಲೆ ಅತ್ತೆ, ಹೊಸ ಬೆಡ್‌ಶೀಟಿನ ಅಂಚಿಗೆ, ಅದು ಮಾಸೀತು ಅನ್ನುವ ಹಾಗೆ, ಯಾರಿವರು, ಗೆಸ್ಟು ಸರ್ ಅಂದ ಸುಭಾಷ, ಎಲ್ಲಿಂದ ಬಂದ್ರಿ ಅಜ್ಜಿ, ಯಲ್ಲಾಪುರದಿಂದ ಬಂದವ್ಳು ಅಂದಳು ಅತ್ತೆ, ಸುಳ್ಳಲ್ಲ, ಯಲ್ಲಾಪುರ ಅವಳ ತವರು, ಮದುವೆಯಾಗಿ ಬಂದವಳು ಇನ್ನೂ ಹೋಗಿಲ್ಲ ಅಷ್ಟೇ, ರೂಮು ಆರಾಮಿದೆಯಾ, ರೂಮು ಆರಾಮೇ, ಫ್ಯಾನು ಕಿರ್ರ್ ಅಂತದೆ, ಎಷ್ಟ್ ಸಲ ಹೇಳಿದ್ರೂ ಸರಿ ಮಾಡ್ಸದಿಲ್ಲ ಇವ್ರು. ಇನ್ಸ್‌ಪೆಕ್ಟರ್ ಫ್ಯಾನು ನೋಡಿದರು, ಸುಭಾಷನನ್ನು ನೋಡಿದರು, ಸರಿ ಮಾಡಿಸ್ರಿ ಅಂದು ಮುಂದಿನ ಕೋಣೆಗೆ ಹೋದರು. ಕಾವ್ಯಶ್ರೀಗೆ ನಗು ಬಂದು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು, ಈಗ ನೆನೆದರೆ ನಗು ಬರುವುದಿಲ್ಲ. ಅತ್ತೆ ಆ ಕೋಣೆ ಬಿಡದ್ದು ಹಟಕ್ಕಲ್ಲ, ಅದರ ಕಿಟಕಿಯಿಂದ ನೇರಳೆ ಮರ ಕಾಣುತ್ತದೆ, ಮರದ ಬುಡದಲ್ಲಿ ಚೌಡಿ.

ಚೌಡಿ ಅಂದರೆ ಒಂದು ಕಲ್ಲು, ಮೊಳಕಾಲಿನೆತ್ತರ, ತಲೆ ಚಪ್ಪಟೆ, ಯಾರು ನೆಟ್ಟದ್ದೋ, ನೆಟ್ಟದ್ದೋ ಎದ್ದದ್ದೋ, ಸುಭಾಷನ ಅಜ್ಜ ಬೈರ ಬಗನಿ ಮರ ಹತ್ತಿ ಕಳ್ಳು ಇಳಿಸುತ್ತಿದ್ದ ಕಾಲಕ್ಕೂ ಇತ್ತು, ಇಳಿಸಿದ ಕಳ್ಳಿನ ಮೊದಲ ಗಿಂಡಿ ಅವಳ ತಲೆಗೆ ಎರೆದೇ ಉಳಿದದ್ದು ಮಾರಾಟಕ್ಕೆ, ಕಳ್ಳು ನಿಂತ ಮೇಲೂ ವರ್ಷಕ್ಕೊಮ್ಮೆ ಕೋಳಿ, ಒಂದು ಕ್ವಾರ್ಟರ್, ಅದಿಲ್ಲದೆ ಅವಳಿಗೆ ಆಗುವುದಿಲ್ಲ. ಅರ್ಜಿ ಹಾಕಿದ ದಿನ ಅತ್ತೆ ಹರಕೆ ಹೊತ್ತಳು, ಲೈಸನ್ನು ಬಂದ್ರೆ ನಿಂಗೊಂದು ಮಾಡು ಹಾಕಸ್ತೆ ಅಂತ. ಹೊತ್ತವಳು ಲೈಸೆನ್ಸು ಬರುವವರೆಗೆ ಕಾಯಬೇಕಿತ್ತು, ಕಾಯಲಿಲ್ಲ, ಕೊಡದು ಕೊಟ್ಬಿಟ್ರೆ ಅವ್ಳೂ ತಡ ಮಾಡದಿಲ್ಲ ತಂಗಿ, ಅಂತ ಮುಂಗಡವೇ ತೀರಿಸಿದಳು, ಗಾರೆಯವನನ್ನು ಕರೆದು ನಾಲ್ಕು ಕಂಬ, ತಗಡು, ಸುತ್ತ ಬಿಳಿ ಟೈಲ್ಸು, ಮುಂದೆ ಗ್ರಿಲ್ಲು, ಹಿತ್ತಾಳೆ ಗಂಟೆ, ತನ್ನ ಕೈಯ ಒಂದು ಬಳೆ ಅದಕ್ಕೇ ಹೋಯಿತು, ಕಾವ್ಯಶ್ರೀಯೂ ಚೆಂದ ಆಯ್ತು ಅತ್ತೆ ಅಂದಳು, ನಿಜವಾಗಿ ಚೆಂದ ಇತ್ತು, ಬಸ್ಸಿನವರು ಕೈ ಮುಗಿದುಕೊಂಡು ಹೋಗತೊಡಗಿದರು. ಸಂಗಯ್ಯ ಬನವಾಸಿಯಿಂದ ಬಂದವನು ಬೈಕಿನಿಂದ ಇಳಿಯಲೇ ಇಲ್ಲ, ಹಣೆಗೆ ಕೈ ಹಚ್ಚಿಕೊಂಡ, ಏನ್ರೀ ಅಕ್ಕಾರ, ಲೈಸೆನ್ಸ್ ಬೇಕಂತೀರಿ, ಗೇಟ್ ಮುಂದ ಗುಡಿ ಕಟ್ಟಸ್ತೀರಿ, ಕಲ್ಲು ಇದ್ದಾಗ ಯಾರ್ ಕೇಳತಿದ್ರು, ಈಗ ಗುಡಿ ಆತಲ್ರೀ, ಗುಡಿ ಇದ್ರ ಸೆರೆ ಅಂಗಡಿ ದೂರ ಇರಬೇಕು, ಕಾಯ್ದೆ. ಅತ್ತೆ ಕೇಳಿದಳು, ಯಾರಿಂದ ದೂರ? ಚೌಡಿಯಿಂದ್ರಿ. ಅವ್ಳಿಗೆ ಎರ್ಕಂಡು ಬಂದವ್ರೇ ನಾವಲ್ದಾ. ಕಾಯ್ದೆಯಲ್ಲಿ ಅದಕ್ಕೊಂದು ಕಲಮು ಇಲ್ಲ. ನಿಮ್ ಚೌಡಿಗೆ ನಡೀತೈತಿ ಅವ್ವಾ, ಸರ್ಕಾರಕ್ಕ ನಡಿಯಂಗಿಲ್ಲ ಅಂದು ಬೈಕು ತಿರುಗಿಸಿದ.

ಅತ್ತೆ ಅಳುತ್ತಾಳೆ, ರಂಪ ಮಾಡುತ್ತಾಳೆ ಅಂತ ಎರಡು ದಿನ ಯಾರೂ ಮಾತು ತೆಗೆಯಲಿಲ್ಲ, ನಿನ್ನೆ ಊಟವಾದ ಮೇಲೆ ಅವಳೇ ಅಂದಳು, ಬಿಚ್ಚಾ ಮಗಾ, ಇಷ್ಟ್ ವರ್ಷ ಬಿಸ್ಲಲ್ಲೇ ಇದ್ಲು, ನಾಕ್ ದಿನಕ್ಕೆ ಎಂತ ಆಗದಿಲ್ಲ. ಸುಭಾಷ ತಗಡು ಬಿಚ್ಚಿದ, ಕಂಬ ಕೆಡವಿದ, ಟೈಲ್ಸು ಎಬ್ಬಿಸುವಾಗ ಒಡೆದವು, ಹೊಸ ಟೈಲ್ಸು, ಗಂಟೆಯನ್ನು ಚೀಲಕ್ಕೆ ಹಾಕಿ ಅಕ್ಕಿ ಚೀಲದ ಹಿಂದಿಟ್ಟ, ಆದರೆ ಕಲ್ಲಿಗೆ ಕೈ ಹಾಕಲು ಬಿಡಲಿಲ್ಲ ಅತ್ತೆ, ನೀ ಮುಟ್ಟಬೇಡ, ತಾನೇ ಬಿಸಿನೀರು, ಸೀಗೆಪುಡಿ, ತೆಂಗಿನ ನಾರು ತಂದು ಕೂತಳು, ತಿಕ್ಕಿದಳು, ಅರಿಶಿನ ಕುಂಕುಮ ಎಣ್ಣೆ ಎಷ್ಟು ವರ್ಷದ್ದೋ, ಕೆಂಪು ನೀರು ಹರಿದು ರಸ್ತೆಯವರೆಗೆ ಬಂತು, ಕಾವ್ಯಶ್ರೀ ಕೊಡದಿಂದ ಎರೆಯುತ್ತಾ ನಿಂತಿದ್ದಳು, ಅತ್ತೆಯ ಬೆರಳು ಕಲ್ಲಿನ ಸಂದಿಗೆ ಹೋಗಿ ಹೋಗಿ ಬರುತ್ತಿತ್ತು, ಮಗಳ ತಲೆ ತಿಕ್ಕುವವರ ಹಾಗೆ, ಕಡೆಗೆ ಬೂದು ಬಣ್ಣದ ಕಲ್ಲೊಂದು ಉಳಿಯಿತು, ಅದನ್ನು ಯಾರೂ ಅದುವರೆಗೆ ನೋಡಿರಲಿಲ್ಲ. ಕೇಳಿದ್ರೆ ಕಲ್ಲು ಅಂತ ಹೇಳು ತಂಗಿ. ಹೂಂ ಅತ್ತೆ. ಹೆದ್ರಬೇಡ, ಅವ್ಳಿಗೆ ನಾ ಹೇಳಿಟ್ಟಿದ್ದೆ. ಆದರೂ ಹೆದರಿಕೆಯೇ ಆದದ್ದು, ರಾತ್ರಿಯಲ್ಲ, ಬೆಳಿಗ್ಗೆ, ಬಾಗಿಲು ತೆಗೆದು ಅಭ್ಯಾಸಬಲದಿಂದ ಆ ಕಡೆ ಕೈ ಮುಗಿದಾಗ, ಯಾರೂ ಇಲ್ಲದ ಕಡೆ ಕೈ ಮುಗಿದ ಹಾಗಾಯಿತು, ಬೇಗ ಕೈ ಇಳಿಸಿದಳು.

ಈಗ ಬೂಟು ಮೋರಿ ಕಟ್ಟೆಯ ಮೇಲಿದೆ, ಮತ್ತೆ ಎತ್ತಿದ, ಇನ್ಸ್‌ಪೆಕ್ಟರ್ ಟೇಪು ಎಳೆದುಕೊಂಡು ನೇರಳೆ ಮರ ದಾಟಿದರು, ದಾಟಿಯೇ ಬಿಟ್ಟರು, ಮರದ ಬುಡಕ್ಕೆ ಒಂದು ಸಲ ಕಣ್ಣು ಹಾಯಿಸಿದರು ಅಷ್ಟೇ, ನಿಲ್ಲಲಿಲ್ಲ, ಉಸಿರು ಬಂತು, ಬಂತು ಲೈಸೆನ್ಸು, ಹೊನ್ನಿಗೆ ನಾಳೆಯೇ ಹೇಳಿ ಕಳಿಸಬೇಕು, ದಿನಾ ಬಾ ಅಂತ, ಅತ್ತೆಗೆ ಮೊದಲು ಫ್ಯಾನು, ಆಮೇಲೆ ಮಾಡು, ತಗಡಲ್ಲ, ಹಂಚಿನದೇ — ಆ ಅಳತೆಗೆ ಟೇಪು ಮುಗಿದದ್ದು ಅಲ್ಲೇ, ಮುಂದಿನದಕ್ಕೆ ಗಾರ್ಡು ತುದಿ ಊರಬೇಕಾದದ್ದೂ ಅಲ್ಲೇ. ಮರದ ಹತ್ತಿರ. ಎಲ್ಲ ಬಿಟ್ಟು ಅಲ್ಲೇ ಮುಗಿಯಬೇಕಾ. ಗಾರ್ಡು ತುದಿ ಹಿಡಿದು ಅತ್ತಿತ್ತ ನೋಡಿದ, ಕೆಳಗೆಲ್ಲ ಕೆಸರು, ನಿನ್ನೆ ಅವಳೇ ಎರೆದ ನೀರಿನ ಕೆಸರು, ಬೂಟು ಇಟ್ಟರೆ ಹೂಳುತ್ತದೆ, ಟೇಪು ನಿಲ್ಲುವುದಿಲ್ಲ, ಅತ್ತ ಕಡೆಯಿಂದ ಲಾರಿ ಬರುತ್ತಿದೆ, ಗಟ್ಟಿ ಇರುವುದು ಒಂದೇ, ಚಪ್ಪಟೆ ತಲೆಯದ್ದು. ಕಾವ್ಯಶ್ರೀ ಗಲ್ಲಾ ಬಿಟ್ಟು ಯಾವಾಗ ಗೇಟು ದಾಟಿದಳೋ, ರಸ್ತೆಯಂಚಿಗೇ ಬಂದು ನಿಂತಿದ್ದಾಳೆ, ಒರೆಸುವ ಬಟ್ಟೆ ಕೈಯಲ್ಲೇ ಇದೆ, ಗಾರ್ಡು ಕಾಲು ಎತ್ತಿದವನು ಕಲ್ಲಿನ ಸಂದಿಯಲ್ಲಿ ಒಂದು ಚೂರು ಕೆಂಪು ಕಂಡು ಹಾಗೇ ತಡೆದ, ಅವಳ ಕಡೆ ತಿರುಗಿದ, ಅಕ್ಕಾರ, ಇದು ದೇವರ ಕಲ್ಲೇನ್ರಿ?

ಸುಭಾಷ ನೆಲ ನೋಡುತ್ತಿದ್ದಾನೆ, ಇನ್ಸ್‌ಪೆಕ್ಟರ್ ಆ ತುದಿಯಲ್ಲಿ ನಿಂತು ಇತ್ತಲೇ ಕಿವಿ ಕೊಟ್ಟಿದ್ದಾರೆ, ಒಂಬತ್ತರ ಕಿಟಕಿಯಲ್ಲಿ ಅತ್ತೆ, ಸರಳು ಎರಡೂ ಕೈಯಲ್ಲಿ ಹಿಡಿದು, ಕೂಗಲಿ, ಅತ್ತೆ ಕೂಗಲಿ, ಕಾಲು ತೆಗಿಯಾ ಅಂತ ಒಂದು ಮಾತು ಅವಳು ಕೂಗಿದರೆ ಎಲ್ಲ ಮುಗಿಯುತ್ತದೆ, ಹೋಟೆಲೂ ಮುಗಿಯುತ್ತದೆ, ಮುಗಿಯಲಿ, ತನ್ನ ಬಾಯಿಂದ ಬರುವುದು ತಪ್ಪುತ್ತದೆ, ಕಲ್ಲು ಅಂತ ಹೇಳು ಅಂದಿದ್ದಳು, ತುಳಿಯುತ್ತಾರೆ ಅಂತ ಯಾರು ಅಂದಿದ್ದರು, ಇದು ಯಾರಿಗೂ ಹೊಳೆದಿರಲಿಲ್ಲ, ಅತ್ತೆ ಕೂಗುವುದಿಲ್ಲ, ಅತ್ತೆ ಬರೀ ನೋಡುತ್ತಿದ್ದಾಳೆ, ಕಲ್ಲನ್ನಲ್ಲ, ಕಾವ್ಯಶ್ರೀಯನ್ನು, ಲಾರಿ ಹತ್ತಿರ ಬಂತು, ಆ ಹುಡುಗನ ಬೂಟು ಗಾಳಿಯಲ್ಲೇ ಇದೆ, ಕೆಸರು ಹತ್ತಿದ ಬೂಟು, ಒಳ್ಳೆಯವನು, ಕೇಳಿದ, ಕೇಳದೆ ಇಟ್ಟಿದ್ದರೆ ಆಗುತ್ತಿತ್ತು, ಯಾಕೆ ಕೇಳಿದ. ಅಲ್ಲ, ಅಂದಳು. ಸುಮ್ನೆ ಕಲ್ಲು. ಹಂಗಾರ ಚಲೋ ಆತ್ ಬಿಡ್ರಿ ಅಂದು ಅವನು ನಕ್ಕು ಬೂಟು ಇಟ್ಟ, ಕೆಸರಿನಲ್ಲಿ ಇನ್ನೊಂದು ಯಾಕೆ ಅಂತ ಅದನ್ನೂ ಎತ್ತಿ ಇಟ್ಟ, ಎರಡೂ ಬೂಟು, ತಲೆಯ ಮೇಲೆ, ಲಾರಿ ಹೋಯಿತು, ಟೇಪು ಹಾರಿತು, ಬೂಟು ಅಲ್ಲಾಡಲಿಲ್ಲ, ಸಾರು ತಳ ಹಿಡಿಯುತ್ತಿರಬೇಕು, ಬೂಟು ಕಲ್ಲಿನ ಮೇಲಿದೆ, ಒಳಗೆ ಹೋಗಬೇಕು, ಮೇಲೆ ನೋಡಬಾರದು, ಬೂಟು, ಗಟ್ಟಿ ತುಳಿದು ಹಿಡಿಯೋ ಅಂತ ಆಚೆಯಿಂದ ಇನ್ಸ್‌ಪೆಕ್ಟರ್ ಕೂಗಿದರು, ಅವನು ಇನ್ನೊಂದು ಸಲ ಹಿಮ್ಮಡಿ ಊರಿ ಗಟ್ಟಿಯಾಗಿ ತುಳಿದ