ವೀರಮ್ಮ ಅಪ್ಪನಿಗೆ ಇಟ್ಟ ಹೆಸರು

ನಿಮ್ಮ ಬೀದಿಯಲ್ಲೂ ಇಂಥ ಮಗು ಇರಬಹುದು. ಕರೆದರೆ ತಿರುಗಿ ನೋಡುವುದಿಲ್ಲ. ಜನ ಸುಮ್ಮನಿರುತ್ತಾರೆಯೇ? "ಕೊಬ್ಬು" ಎನ್ನುತ್ತಾರೆ, "ಪೆದ್ದು" ಎನ್ನುತ್ತಾರೆ. ಭದ್ರಾವತಿಯ ಕಾರ್ಖಾನೆ ವಠಾರದ ಏಳು ವರ್ಷದ ವೀರಮ್ಮನಿಗೂ ಹೀಗೇ ಅನ್ನುತ್ತಿದ್ದರು. ಪಾಪ, ಅವಳಿಗೆ ಹುಟ್ಟಿನಿಂದ ಕಿವಿ ಕೇಳದು.

ಮಾತು ಇಲ್ಲದಿದ್ದರೇನು, ಕೈ ಇತ್ತಲ್ಲ! ಹಸಿವು, ಬಾಯಾರಿಕೆ ಎಲ್ಲವನ್ನೂ ಕೈಯಲ್ಲೇ ಹೇಳಲು ಹೊರಡುತ್ತಿದ್ದಳು. ಅಪ್ಪ ಕೊಟ್ರಬಸಪ್ಪ ತಟ್ಟನೆ ಮುಂಗೈ ಮೇಲೆ ಒಂದೇಟು ಹಾಕುತ್ತಿದ್ದ.

"ಸನ್ನೆ ಮಾಡೋಕೆ ಬಿಟ್ರೆ ಇವಳು ಮಾತೇ ಕಲಿಯಲ್ಲ. ನಾಲ್ಕು ಜನರ ಮುಂದೆ ಮರ್ಯಾದೆ ಬೇಡ್ವಾ?" ಎನ್ನುತ್ತಿದ್ದ.

ಕೆಟ್ಟ ಮನುಷ್ಯನೇನಲ್ಲ. ಮಗಳೆಂದರೆ ಪ್ರಾಣ. ಆದರೆ ಅದೊಂದು ಹಟ ತಲೆಗೆ ಹೊಕ್ಕಿತ್ತು.

ಒಮ್ಮೆ ವೀರಮ್ಮನಿಗೆ ಜ್ವರ ಬಂತು. ಕಷಾಯಕ್ಕೆ ಇಳಿಯಲಿಲ್ಲ. ಮೈ ಕೆಂಡವಾಯಿತು. ಗಂಡ ಹೆಂಡತಿ ಮಗುವನ್ನೆತ್ತಿಕೊಂಡು ಜಟಕಾ ಹತ್ತಿ ಆಸ್ಪತ್ರೆಗೆ ಓಡಿದರು.

ನರ್ಸ್ ಉಮಾಮಹೇಶ್ವರಿ ಮಗುವಿನ ಎದುರು ಕುಕ್ಕರಗಾಲಲ್ಲಿ ಕೂತರು. ತಲೆ ಮುಟ್ಟಿ, ಹೊಟ್ಟೆ ಮುಟ್ಟಿ, ಎಲ್ಲಿ ನೋವು ಎಂದು ಕೈಯಲ್ಲಿ ಕೇಳಿದರು. ವೀರಮ್ಮ ಅಪ್ಪನ ಮುಖ ನೋಡಿದಳು. ಎರಡೂ ಕೈ ಬೆನ್ನ ಹಿಂದೆ ಅಡಗಿಸಿಕೊಂಡಳು.

"ಯಾಕಮ್ಮಾ ಹೆದರ್ತಾಳೆ?"

ತಾಯಿ ಕಲ್ಲಮ್ಮ ಕಣ್ಣೊರೆಸಿಕೊಂಡಳು. "ಇವರು ಸನ್ನೆ ಮಾಡೋಕೆ ಬಿಡಲ್ಲ ನರ್ಸಮ್ಮ."

"ಮಾತು ಬರಲಿ ಅಂತಲೇ ಅಲ್ವಾ ನಾನು ಹೊಡೆಯೋದು?" ಎಂದ ಕೊಟ್ರಬಸಪ್ಪ.

ನರ್ಸಮ್ಮ ಅವನ ಕಾರ್ಖಾನೆ ಅಂಗಿ ನೋಡಿದರು. "ಕಾರ್ಖಾನೆಯಲ್ಲಿ ನಿಮಗೇನು ಕೆಲಸ?"

"ಕೆಳಗೆ ನಿಂತು, ಕ್ರೇನ್ ನಡೆಸೋ ಭೂತಪ್ಪನಿಗೆ ಎತ್ತು, ಇಳಿಸು ಅಂತ ಹೇಳೋದು."

"ಕೂಗಿ ಹೇಳ್ತೀರಾ?"

"ಆ ಸದ್ದಿನಲ್ಲಿ ಕೂಗಿದ್ರೆ ಯಾರಿಗೆ ಕೇಳುತ್ತೆ? ಎಲ್ಲಾ ಕೈಯಲ್ಲೇ..." ಎಂದವನು ತನ್ನ ಕೈಯನ್ನೇ ನೋಡಿಕೊಂಡ.

"ಹೇಳಿ ಮಾರಾಯ್ರೆ! ದಿನಾ ನಿಮ್ಮ ಕೈ ನೋಡಿ ನೋಡಿ ಭೂತಪ್ಪನಿಗೆ ಮಾತು ಮರೆತುಹೋಯ್ತಾ?"

"ಎಲ್ಲಿ ಮರೀತಾನೆ! ಪಾಳಿ ಮುಗಿದ್ರೆ ಅವನ ಬಾಯಿ ಮುಚ್ಚಿಸೋದೇ ಕಷ್ಟ."

"ನಿಮ್ಮ ಮಗಳಿಗೂ ಅಷ್ಟೇ. ಕೂಗಿದ್ರೆ ಕೇಳಲ್ಲ, ಕೈಯಲ್ಲಿ ಹೇಳಿದ್ರೆ ತಿಳಿಯುತ್ತೆ. ಆ ಕೈಗೇ ಹೊಡೆದ್ರೆ ಅವಳು ನೋವು ಅಂತ ಹೇಗೆ ಹೇಳ್ಬೇಕು?"

ಕೊಟ್ರಬಸಪ್ಪ ಮಂಡಿಯೂರಿ ಕೈ ಎತ್ತಿದ. ಏಟು ಬಿತ್ತೆಂದು ಮಗು ಕಣ್ಣು ಮುಚ್ಚಿಕೊಂಡಿತು. ಮೆಲ್ಲಗೆ ಹೆಗಲು ಮುಟ್ಟಿದ. ಅವಳು ಕಣ್ಣು ಬಿಟ್ಟಾಗ, ಎಲ್ಲಿ ಎಂದು ಕೈಯಲ್ಲೇ ಕೇಳಿದ. ಮತ್ತೆ ಕೇಳಿದ. ಕೊನೆಗೆ ವೀರಮ್ಮ ತೋಳೆತ್ತಿ ಕಂಕುಳು ತೋರಿಸಿದಳು. ರವಿಕೆಯೊಳಗೆ ಕೀವು ತುಂಬಿದ ದೊಡ್ಡ ಕುರು! ಡಾಕ್ಟರು ಕೊಯ್ದು ಕೀವು ತೆಗೆದರು. "ಇನ್ನೂ ತಡವಾಗಿದ್ರೆ ಜೀವಕ್ಕೇ ಕುತ್ತು ಬರ್ತಿತ್ತು" ಎಂದರು.

ಹೊರಡುವಾಗ ನರ್ಸಮ್ಮ ಬುದ್ಧಿ ಹೇಳಿದರು. "ಬೆಳಕಿನಲ್ಲಿ, ಎದುರಿಗೆ ನಿಂತು ಮಾತಾಡಿ. ಹಿಂದಿನಿಂದ ಕೂಗಬೇಡಿ, ಹೆಗಲು ಮುಟ್ಟಿ ಕರೀರಿ. ಮನೆಯವರೆಲ್ಲಾ ಅವಳ ಸನ್ನೆ ಕಲೀರಿ. ಮೈಸೂರಲ್ಲಿ ಕಿವುಡ ಮಕ್ಕಳಿಗೆ ಶಾಲೆ ಇದೆ, ವಿಚಾರಿಸಿ."

ಮುಂದಿನ ತಿಂಗಳು ಶಿವಮೊಗ್ಗದ ದುರ್ಗಿಗುಡಿಯಿಂದ ಅಜ್ಜಿ ಬಂದರು. "ಕೈ ಆಡಿಸಿದ್ರೆ ಅದು ಮಾತಾ?" ಎಂದು ಮೂಗು ಮುರಿದರು.

"ಕೇಳಿ ನೋಡಿ ಅತ್ತೆ. ನಮಗೆಲ್ಲಾ ಹೆಸರಿಟ್ಟಿದ್ದಾಳೆ" ಎಂದಳು ಕಲ್ಲಮ್ಮ.

ಅಜ್ಜಿಯನ್ನು ತೋರಿಸಿದಾಗ ವೀರಮ್ಮ ಮೂರು ಬೆರಳನ್ನು ಹಣೆಯ ಮೇಲೆ ಎಳೆದಳು. ವಿಭೂತಿ! ಅಜ್ಜಿ ಕುಣಿಯುವುದೊಂದು ಬಾಕಿ. ಅಮ್ಮ ಎಂದರೆ ಮೂಗುಬೊಟ್ಟು. ಅಪ್ಪ?

ವೀರಮ್ಮ ತನ್ನ ಮುಂಗೈಗೆ ತಾನೇ ಒಂದೇಟು ಹಾಕಿಕೊಂಡಳು.

ಕೊಟ್ರಬಸಪ್ಪ ಮಗಳ ಕೈಯನ್ನು ಕಣ್ಣಿಗೊತ್ತಿಕೊಂಡು ಅತ್ತ. ಆಮೇಲೆ ತನ್ನ ಮೀಸೆ ತಿರುವಿ ತೋರಿಸಿ, ಈ ಹೆಸರು ಆಗದೇ ಎಂದು ಕೇಳಿದ. ಅವಳು ಒಪ್ಪಲಿಲ್ಲ.

ಅವನೂ ಬಿಡಲಿಲ್ಲ. ದಿನಾ ಸಂಜೆ ಜಗಲಿಯ ಮೇಲೆ ಮಗಳ ಎದುರು ಕೂತು ಸನ್ನೆ ಕಲಿತ. ತಪ್ಪು ಮಾಡಿ ಬೈಸಿಕೊಂಡ, ಅದೂ ಕೈಯಲ್ಲೇ! ದೀಪಾವಳಿ ಹತ್ತಿರ ಬಂದಿತ್ತು. ಒಂದು ಸಂಜೆ ಅವನು ಪಾಳಿ ಮುಗಿಸಿ ಬರುವುದನ್ನು ಕಂಡು ವೀರಮ್ಮ ಒಳಗೋಡಿದಳು. ಅಮ್ಮನ ಸೆರಗು ಎಳೆದು, ಇಲ್ಲದ ಮೀಸೆ ತಿರುವಿ, ಬಾಗಿಲ ಕಡೆ ಬೆರಳು ತೋರಿಸಿದಳು.

ಓದುತ್ತಿರುವ ಅಪ್ಪ ಅಮ್ಮಂದಿರೇ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಕಿವಿ ಕೇಳದ ಮಗುವಿದ್ದರೆ ಅದರ ಕೈ ತಡೆಯಬೇಡಿ. ಇವತ್ತೇ ಎದುರಿಗೆ ಕೂತು ಕೇಳಿ: ನನಗೆ ಏನು ಹೆಸರಿಟ್ಟಿದ್ದೀಯಾ?