ಮೂಲ್ಕಿಯಲ್ಲೊಂದು ಬಾಡಿಗೆ ಮನೆ

ಆನೆ ಅಡುಗೆಮನೆಯ ಹಿಂಗೋಡೆ ಕೆಡವಿದ್ದು ಸಂಕ್ರಾಂತಿ ಕಳೆದ ವಾರ, ಇನ್ನೂ ಪೂರ್ತಿ ಬೆಳಕು ಹರಿಯದ ಹೊತ್ತಿನಲ್ಲಿ. ಚಂದ್ರಿಕಾ ಮಗಳು ಸಿಂಚನಳ ಬಾಯನ್ನು ಅಂಗೈಯಿಂದ ಮುಚ್ಚಿಕೊಂಡು ನಡುಕೋಣೆಯ ಮೂಲೆಯಲ್ಲಿ ಕೂತಿದ್ದಳು. ಅಕ್ಕಿ ಚೀಲ ಎಳೆದ ಸದ್ದು, ಪಾತ್ರೆಗಳು ಉರುಳಿದ ಸದ್ದು, ಆಮೇಲೆ ಯಾರೋ ನಿಧಾನವಾಗಿ ದೊಡ್ಡದಾಗಿ ಉಸಿರು ಬಿಟ್ಟಂಥ ಸದ್ದು. ಇನ್ನೊಂದು ಕೈಯಲ್ಲಿ ಫೋನಿತ್ತು. ಗಂಡನ ನಂಬರು ಎಷ್ಟು ಸಲ ಒತ್ತಿದರೂ ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಅದೇ ದನಿ.

ಗಂಡ ಜಯಕುಮಾರ್ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಎಲೆಕ್ಟ್ರಿಷಿಯನ್. ಜನರೇಟರ್ ಇರುವುದು ನೆಲಮಾಳಿಗೆಯಲ್ಲಿ. ರಾತ್ರಿ ಪಾಳಿಯಲ್ಲಿ ಅಲ್ಲಿಗಿಳಿದರೆ ಫೋನು ಸತ್ತಂತೆ. ಅವನು ತಿರುಗಿ ಫೋನ್ ಮಾಡುವಷ್ಟರಲ್ಲಿ ಆನೆ ಕಾಫಿ ತೋಟ ದಾಟಿ ಕಾಡು ಸೇರಿತ್ತು. ಹೆಗ್ಗದ್ದೆಯ ಅರ್ಧ ಊರು ಬಂದು ಬಿದ್ದ ಗೋಡೆ ನೋಡಿಕೊಂಡು ಹೋಗಿತ್ತು. ಪಕ್ಕದ ಮನೆಯ ಭದ್ರಮ್ಮ ತಮ್ಮ ಒಲೆಯಲ್ಲೇ ಇವರಿಬ್ಬರಿಗೂ ಸೇರಿಸಿ ರೊಟ್ಟಿ ಸುಟ್ಟುಕೊಟ್ಟಿದ್ದರು.

"ನಿಮಗೇನೂ ಆಗಿಲ್ಲ ತಾನೆ?" ಅಂದ ಜಯಕುಮಾರ್.

"ಏನೂ ಆಗಿಲ್ಲ," ಅಂದಳು ಚಂದ್ರಿಕಾ. ಆ ಮೂಲೆಯಲ್ಲಿ ಕೂತಿದ್ದಾಗ ಏನೇನೆಲ್ಲ ಆಯಿತು ಎಂದು ಹೇಳಲು ಹೊರಟರೆ ಅಳು ಬರುತ್ತಿತ್ತು, ಸುತ್ತ ಜನ ಇದ್ದರು.

"ಸಾಕು ಕಣೇ. ಪರೀಕ್ಷೆ ಮುಗಿದ ಮೇಲೆ ಇಬ್ರೂ ಈ ಕಡೆ ಬಂದ್ಬುಡಿ. ಸಮುದ್ರದ ಹತ್ರ ಒಂದು ಒಳ್ಳೆ ಊರು ನೋಡಣ. ನಾನು ದಿನಾ ರೈಲಲ್ಲಿ ಹೋಗಿ ಬರ್ತೀನಿ."

ಅಲ್ಲಿಂದ ಶುರುವಾಯಿತು ಊರು ಹುಡುಕುವ ಕೆಲಸ. ಮದುವೆಯಾದ ಹೊಸದರಲ್ಲಿ ಬಿಟ್ಟರೆ ಗಂಡ ಹೆಂಡತಿ ಇಷ್ಟು ಮಾತಾಡಿದ್ದೇ ಇಲ್ಲ. ತಿಂಗಳಿಗೆರಡು ಸಲ ಶನಿವಾರ ಬಂದು ಸೋಮವಾರದ ಮೊದಲ ಬಸ್ಸಿಗೆ ಹೋಗುವ ಮನುಷ್ಯ ಈಗ ದಿನಾ ಸಂಜೆ ಫೋನ್ ಮಾಡತೊಡಗಿದ. ಉಳ್ಳಾಲ ಹತ್ತಿರ, ಆದರೆ ಮಳೆಗಾಲದಲ್ಲಿ ಅಲೆ ಬಂದು ದಡ ಕೊರೆಯುತ್ತದೆ. ಸುರತ್ಕಲ್ಲಿನಲ್ಲಿ ಎಲ್ಲ ಅನುಕೂಲ ಉಂಟು, ಮನೆಗಳು ಇಕ್ಕಟ್ಟು. ಮೂಲ್ಕಿ ದೂರ, ಆದರೆ ತೆಂಗಿನ ತೋಟ, ಹೊಳೆ, ಕಡಲು ಎಲ್ಲ ಇದೆ. ಸ್ಟೇಷನ್ನಿಗೆ ನಡೆದೇ ಹೋಗಬಹುದು. ಚಂದ್ರಿಕಾ ಕೆಲಸ ಮಾಡುತ್ತಿದ್ದ ಎಸ್ಟೇಟಿನ ಸ್ಟೋರಿನಲ್ಲಿ ಮೆಣಸು ಹಸನು ಮಾಡುವ ಹೆಂಗಸರಿಗೆಲ್ಲ ಈ ಮೂರು ಊರುಗಳು ಬಾಯಿಪಾಠವಾದವು. "ಇವತ್ತು ಯಾವೂರು ಹೇಳ್ದ ನಿನ್ ಗಂಡ?" ಎಂದು ಮುನಿಯಮ್ಮ ಮೊರದಲ್ಲಿ ಕೇರುತ್ತಾ ಕೇಳಿದರೆ ಚಂದ್ರಿಕಾಳಿಗೆ ನಾಚಿಕೆಯಾಗುತ್ತಿತ್ತು. ಆದರೂ ಕೇಳಲಿ ಅನ್ನಿಸುತ್ತಿತ್ತು.

ಏಪ್ರಿಲ್‌ನಲ್ಲಿ ಅವಳು ಮಗಳನ್ನು ಕರೆದುಕೊಂಡು ಸಕಲೇಶಪುರದಿಂದ ಬಸ್ಸು ಹತ್ತಿ ಘಾಟಿ ಇಳಿದಳು. ಉಳ್ಳಾಲದಲ್ಲಿ ದಡದುದ್ದಕ್ಕೂ ಹಾಕಿದ್ದ ಕಲ್ಲಿನ ರಾಶಿ ನೋಡಿಯೇ ಸಿಂಚನ ಬೇಡ ಅಂದಳು. ಸುರತ್ಕಲ್ಲಿನಲ್ಲಿ ನೋಡಿದ ಮನೆಗೆ ಕಿಟಕಿ ತೆಗೆದರೆ ಪಕ್ಕದವರ ಗೋಡೆ. ಮರುದಿನ ಮೂವರೂ ಮೂಲ್ಕಿಗೆ ಹೋದರು.

ಮನೆಯ ಒಡತಿ ವಾರಿಜಕ್ಕ ಬಾಯ್ತುಂಬ ಮಾತಾಡುವವರು. ಬಾವಿ ತೋರಿಸಿದರು, ಮಲ್ಲಿಗೆ ಬಳ್ಳಿ ತೋರಿಸಿದರು, ಎಳನೀರು ಕೊಟ್ಟರು. "ಇಲ್ಲಿ ಹೆದರಿಕೆ ಎಂತದೂ ಇಲ್ಲ ಮಾರಾಯ್ತಿ. ಈ ಓಣಿಯ ಗಂಡಸರೆಲ್ಲ ಬೆಳಿಗ್ಗೆ ರೈಲಿಗೆ ಹೋದ್ರೆ ಬರುವಾಗ ಕತ್ತಲೆ ಆಗ್ತದೆ. ಊಟ ಮಾಡಿ ಮಲಗಿದ್ರೆ ಮುಗೀತು. ಹಗಲಿಡೀ ಮನೆ ನಮ್ಮದೇ!" ಎಂದು ನಕ್ಕರು.

ಚಂದ್ರಿಕಾ ನಗಲಿಲ್ಲ. ಹಿಂತಿರುಗುವಾಗ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಗಂಡನನ್ನು ಕೇಳಿದಳು.

"ರೀ, ಮಂಗ್ಳೂರಲ್ಲೇ ಆಸ್ಪತ್ರೆ ಹತ್ರ ಮನೆ ಸಿಗಲ್ವಾ? ಮೂರು ಊರು ಹೇಳಿದ್ರಿ, ಅದೊಂದು ಮಾತ್ರ ಹೇಳ್ಲೇ ಇಲ್ಲ."

"ಸಿಗ್ತಾವೆ. ಸಿಟೀಲಿ ನಿಂಗೆ ಉಸಿರು ಕಟ್ದಂಗೆ ಆಗ್ತದೆ ಅಂದ್ಕಂಡೆ."

"ನಂಗೆ ಯಾವಾಗ ಉಸಿರು ಕಟ್ಟುತ್ತೆ ಅಂತ ನೀವು ಕೇಳಿದ್ದು ಯಾವತ್ತು?"

ಅವನು ಹಳಿಯ ಆಚೆ ಕಲ್ಲು ಹೆಕ್ಕುತ್ತಿದ್ದ ಮಗಳ ಕಡೆ ನೋಡಿದ.

"ಬೇಜಾರು ಮಾಡ್ಕಬೇಡ ಚಂದ್ರಿ. ಸಿಂಚನ ಬಾಲವಾಡಿಗೆ ಹೋಗ್ತಿದ್ದಾಗ ಬಂದೋನು ನಾನು ಇಲ್ಲಿಗೆ. ಶನಿವಾರ ಊರಿಗೆ ಬರ್ಬೇಕಾದ್ರೆ ಖುಷಿ ಇರ್ತೈತೆ. ಭಾನುವಾರ ಮಧ್ಯಾಹ್ನಕ್ಕೆ ಏನ್ ಮಾತಾಡ್ಬೇಕು ಅಂತ್ಲೇ ಗೊತ್ತಾಗಲ್ಲ. ನೀವಿಬ್ರೂ ನಿಮ್ಮ ಪಾಡಿಗೆ ಏನೋ ಹೇಳ್ಕಂಡು ನಗ್ತಿರ್ತೀರ, ನಾನು ನೆಂಟನಂಗೆ ಕೂತಿರ್ತೀನಿ. ದಿನಾ ಇಡೀ ಹೊತ್ತು ಜೊತೇಲಿದ್ರೆ ನಿಂಗೆ ನಾನು ಸಾಕಾಗ್ಬುಡ್ತೀನೇನೋ ಅಂತ ಭಯ ಕಣೇ."

ಚಂದ್ರಿಕಾಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ತಾನೊಬ್ಬಳೇ ಒಂಟಿ ಅಂದುಕೊಂಡಿದ್ದಳು ಇಷ್ಟು ವರ್ಷ. ಘಾಟಿಯ ಕೆಳಗೆ ಇನ್ನೊಬ್ಬನೂ ಹಾಗೇ ಇದ್ದನೆಂದು ಗೊತ್ತಾದರೆ ಸಮಾಧಾನವಾಗಬೇಕು, ಅದೂ ಆಗಲಿಲ್ಲ. ಅವನ ಅಂಗಿಯ ಕಾಲರು ಸವೆದು ನೂಲು ಬಿಟ್ಟಿದ್ದು ಕಣ್ಣಿಗೆ ಬಿತ್ತು. ಇದನ್ನು ಯಾವಾಗ ಕೊಂಡನೋ ಅವಳಿಗೆ ತಿಳಿಯದು.

"ಇದೇ ಊರು ಇರ್ಲಿ ಬಿಡಿ," ಅಂದಳು. "ದೂರ ಬೇಕೇ ಬೇಕು ಅನ್ನೋದಾದ್ರೆ ಇಷ್ಟೇ ದೂರ ಇರ್ಲಿ. ಅದಕ್ಕಿಂತ ಜಾಸ್ತಿ ಬೇಡ."

ಮೇ ಕೊನೆಗೆ ಸಾಮಾನು ಲಾರಿ ಹತ್ತಿತು. ಭದ್ರಮ್ಮ ಒಂದು ಡಬ್ಬಿ ಕಾಫಿಪುಡಿ ಕೊಟ್ಟು, "ಹೋಗ್ಬುಟ್ಟೆ ಕಣವ್ವ ಕೊನೆಗೂ," ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು.

ಸಿಂಚನ ಒಂದೇ ತಿಂಗಳಿಗೆ ತುಳು ಕಲಿತಳು. ಶಾಲೆಯಿಂದ ಬಂದವಳೇ ಚೀಲ ಎಸೆದು ವಾರಿಜಕ್ಕನ ಮೊಮ್ಮಕ್ಕಳ ಜೊತೆ ಆಡಲು ಓಡುತ್ತಿದ್ದಳು. ಜಯಕುಮಾರ್ ಕೇಳಿಕೊಂಡು ಹಗಲು ಪಾಳಿ ಹಾಕಿಸಿಕೊಂಡಿದ್ದ. ಬೆಳಿಗ್ಗೆ ಹೊರಟರೆ ದೀಪ ಹಚ್ಚಿದ ಮೇಲೆ ಬರುವುದು, ಬಟ್ಟೆ ಬದಲಿಸುವುದು, ಉಣ್ಣುವುದು, ಕೂತಲ್ಲೇ ತೂಕಡಿಸುವುದು. ಊರು ಹುಡುಕುವಾಗಿನ ಸಂಜೆಯ ಫೋನೂ ಈಗ ಇರಲಿಲ್ಲ. ಒಂದೇ ಮನೆಯಲ್ಲಿರುವವರು ಫೋನ್ ಏಕೆ ಮಾಡುತ್ತಾರೆ? ಬಾವಿಕಟ್ಟೆಯ ಹತ್ತಿರ ಹೆಂಗಸರು ತುಳುವಿನಲ್ಲಿ ಮಾತಾಡಿ ನಗುವಾಗ ಚಂದ್ರಿಕಾ ಕೊಡ ತುಂಬುವುದನ್ನೇ ನೋಡುತ್ತಾ ನಿಲ್ಲುತ್ತಿದ್ದಳು. ಅವರು ಕೆಟ್ಟವರಲ್ಲ, ಅವಳನ್ನು ಕಂಡರೆ ಕನ್ನಡಕ್ಕೆ ತಿರುಗುತ್ತಿದ್ದರು, ಆಗ ನಗು ನಿಂತುಬಿಡುತ್ತಿತ್ತು.

ಹೆಗ್ಗದ್ದೆ ಸುತ್ತಮುತ್ತ ಕಾಡಾನೆಗಳಿವೆ, ಎಚ್ಚರ ಎಂಬ ಅರಣ್ಯ ಇಲಾಖೆಯ ಸಂದೇಶ ಅವಳ ಫೋನಿಗೆ ಈಗಲೂ ಬರುತ್ತಿತ್ತು. ಒಂದು ದಿನ ಅದನ್ನೇ ನೆಪ ಮಾಡಿಕೊಂಡು ಭದ್ರಮ್ಮನಿಗೆ ಫೋನ್ ಮಾಡಿದಳು.

"ನಿಂಗ್ಯಾಕವ್ವ ಇನ್ನೂ ಆನೆ ಚಿಂತೆ?" ಅಂದರು ಭದ್ರಮ್ಮ. "ಈಗ ಗಂಡ ಜೊತೇಲವ್ನೆ, ಆರಾಮಾಗಿರು."

"ಹೂಂ, ಆರಾಮಾಗಿದೀನಿ," ಅಂದಳು.

ಮರುದಿನ ಬೆಳಿಗ್ಗೆ ಗಂಡನ ಬುತ್ತಿ ಕಟ್ಟುತ್ತಾ ಇದ್ದವಳು ಏನೋ ತೋಚಿ, ವಾರಿಜಕ್ಕನ ಬಾಗಿಲಿಗೆ ಹೋಗಿ, ಸಿಂಚನಳನ್ನು ಶಾಲೆಯ ವ್ಯಾನು ಹತ್ತಿಸುತ್ತೀರಾ ಎಂದು ಕೇಳಿ ಬಂದಳು. ಸೀರೆ ಬದಲಿಸಿ ಕೊಡೆ ಹಿಡಿದು ನಿಂತಳು.

"ಎಲ್ಲಿಗೆ?" ಅಂದ ಜಯಕುಮಾರ್.

"ನಿಮ್ಜೊತೆ. ಸುರತ್ಕಲ್‌ವರೆಗೆ ಬಂದು ಇಳ್ಕೋತೀನಿ. ಅಲ್ಲಿಂದ ಬಸ್ಸಿಗೆ ಬರ್ತೀನಿ."

"ಅಲ್ಲೇನು ಕೆಲ್ಸ?"

"ಏನಿಲ್ಲ."

ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೆ ದಿನಾ ಅವನ ಜೊತೆ ಹೋಗಿಬರುವ ರೈಲುಮಂದಿ ಸರಿದು ಕಿಟಕಿಯ ಬಳಿ ಅವಳಿಗೆ ಜಾಗ ಕೊಟ್ಟರು. "ನಮ್ಮನೆಯವ್ರು," ಎಂದು ಅವನು ಪರಿಚಯ ಮಾಡಿಸಿದ. ಬಗ್ಗಿ ಅವಳ ಕಿವಿಯ ಹತ್ತಿರ ಒಬ್ಬೊಬ್ಬರ ಬಗ್ಗೆ ಹೇಳಿದ: ಇವರು ಬ್ಯಾಂಕಿನವರು, ಆ ಹುಡುಗಿ ನರ್ಸಿಂಗ್ ಓದುತ್ತಾಳೆ, ಮೂಲೆಯಲ್ಲಿರುವ ಮುದುಕ ದಿನಾ ಇದೇ ಜಾಗದಲ್ಲಿ ಕೂತು ಹಾಡುತ್ತಾನೆ, ಇವತ್ತೇ ಏಕೋ ಸುಮ್ಮನಿದ್ದಾನೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದು ಬೆಕ್ಕು ಮರಿ ಹಾಕಿದ್ದನ್ನೂ ಹೇಳಿದ. ಅವಳು ಆನೆ ಬಂದ ಬೆಳಗಿನ ಕತೆಯನ್ನು ಅವತ್ತು ಮೊದಲ ಸಲ ಪೂರ್ತಿ ಹೇಳಲು ಶುರುಮಾಡಿದಳು. ಆನೆ ಉಸಿರು ಬಿಟ್ಟಲ್ಲಿಗೆ ಬರುವಷ್ಟರಲ್ಲಿ ಸುರತ್ಕಲ್ ಬಂತು.

"ಗುರುವಾರ ಮತ್ತೆ ಬರ್ತೀನಿ, ಮಿಕ್ಕಿದ್ದು ಆಗ ಹೇಳ್ತೀನಿ," ಎಂದು ಇಳಿದಳು.

ಅವನು ಬಾಗಿಲಿಗೆ ಬಂದು ಏನೋ ಅಂದ. ರೈಲು ಹೊರಟ ಸದ್ದಿಗೆ ಕೇಳಿಸಲಿಲ್ಲ. ಪ್ಲಾಟ್‌ಫಾರಂ ಖಾಲಿಯಾಯಿತು, ಸಣ್ಣಗೆ ಮಳೆ ಹನಿಯುತ್ತಿತ್ತು. ಅವಳು ಕೊಡೆ ಬಿಚ್ಚಿ, ಮೀನಿನ ಬುಟ್ಟಿ ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳನ್ನು ಬಸ್‌ಸ್ಟಾಪ್ ಯಾವ ಕಡೆ ಎಂದು ಕೇಳಿದಳು. ಹೆಂಗಸು ತುಳುವಿನಲ್ಲಿ ಉದ್ದಕ್ಕೆ ಏನೋ ಹೇಳಿದಳು. ಅರ್ಥವಾಗಲಿಲ್ಲ, ಕೈ ತೋರಿಸಿದ ಕಡೆಗೆ ಚಂದ್ರಿಕಾ ನಡೆದಳು.