ಹೊಗೆ ಓದುವವನು

ಲಾರಿಗೆ ಭಾರದ ಬಂಡಿ ಕಟ್ಟಿ ದೂರ ಎಳೆಸುವ ಪಂದ್ಯದಲ್ಲಿ ಡ್ರೈವರಿಗೆ ತನ್ನ ಲಾರಿಯ ಹೊಗೆ ತನಗೇ ಕಾಣುವುದಿಲ್ಲ. ಹೊಗೆಕೊಳವೆಗಳಿರುವುದು ಬೆನ್ನ ಹಿಂದೆ, ಕನ್ನಡಿಗಳು ನಡುಗಿ ಏನನ್ನೂ ತೋರಿಸುವುದಿಲ್ಲ, ಶಾಖದ ಮುಳ್ಳು ಮೇಲೇರಿ ಸುದ್ದಿ ಮುಟ್ಟಿಸುವ ಹೊತ್ತಿಗೆ ಪಿಸ್ಟನ್ ಕರಗಿರುತ್ತದೆ. ಅದಕ್ಕೇ ಬೇಲಿಯ ಪಕ್ಕ ತನ್ನವನೊಬ್ಬ ನಿಂತಿರಬೇಕು. ಹೊಗೆ ಕಪ್ಪಗೆ ದಟ್ಟವಾಗಿದ್ದರೆ ಇಂಜಿನ್ ದುಡಿಯುತ್ತಿದೆ ಎಂದರ್ಥ. ಬೂದಿ ಬಣ್ಣವಾಗಿ ಬಿಳಿಗೆ ತಿರುಗಿತೋ, ಒಳಗೆ ನೀರು ನುಗ್ಗಿದೆ. ಆಗ ಬೇಲಿಯವನು ಟೋಪಿ ತೆಗೆಯಬೇಕು, ಟೋಪಿ ಹೋದದ್ದು ಕಂಡ ಕ್ಷಣ ಡ್ರೈವರು ಕಾಲೆತ್ತಬೇಕು.

ಪಶ್ಚಿಮ ಓಹಾಯೋದಲ್ಲಿ ಆರ್ಲೋ ನೀಕ್ಯಾಂಪನಷ್ಟು ಚೆನ್ನಾಗಿ ಹೊಗೆ ಓದುವವನಿಲ್ಲ ಎಂದು ಅವನಿಗಾಗದವರೂ ಒಪ್ಪುತ್ತಿದ್ದರು. ಹನ್ನೊಂದು ವರ್ಷದಿಂದ ಮಗಳು ರೆನೇಟಾ ಲಾರಿಯಲ್ಲಿ, ಅವನು ಬೇಲಿಯಲ್ಲಿ. ಅವಳದು ವಾರವೆಲ್ಲ ಮೆಕ್ಕೆಜೋಳ, ಹಂದಿ ಸಾಗಿಸುವ ಲಾರಿ. ಭಾನುವಾರ ಅದೇ ಲಾರಿ ಪಂದ್ಯಕ್ಕೆ. ಅವಳ ಮನೆ ನಡೆಯುವುದೂ ಅದರಿಂದಲೇ.

ಕಳೆದ ಚಳಿಗಾಲದಿಂದ ಆರ್ಲೋನ ನೋಟದ ನಟ್ಟನಡುವೆ ಹೆಬ್ಬೆರಳು ಒತ್ತಿದ ಹಾಗೆ ಮಸಿ ಕೂತಿತ್ತು. ನೆಟ್ಟು ನೋಡಿದ್ದು ಕಾಣದು, ಅಂಚಿಗಿದ್ದದ್ದು ಅಷ್ಟಿಷ್ಟು ಕಂಡೀತು. ಹೋದದ್ದು ವಾಪಸು ಬರುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಅವನು ಯಾರಿಗೂ ಹೇಳಲಿಲ್ಲ. ಹೇಳಿದರೆ ಬೇಲಿಯ ಜಾಗ ಹೋಗುತ್ತದೆ. ಹೆಂಡತಿ ತೀರಿಕೊಂಡು, ಹೊಲವನ್ನು ಬೇರೆಯವರು ಮಾಡತೊಡಗಿದ ಮೇಲೆ, ಅವನು ಬೇಕೇ ಬೇಕು ಎನ್ನುವಂಥ ಜಾಗ ಈ ಲೋಕದಲ್ಲಿ ಅದೊಂದೇ ಉಳಿದಿತ್ತು. ಕಣ್ಣಿಲ್ಲದಿದ್ದರೇನು, ಮೂಗಿದೆ ಎಂದು ತನಗೆ ತಾನೇ ಹೇಳಿಕೊಂಡ. ಇಂಜಿನ್ನಿನ ನೀರು ಸುಟ್ಟರೆ ಸಿಹಿಸಿಹಿ ನಾತ ಬರುತ್ತದೆ. ಜೂನ್‌ನಿಂದ ಮೂರು ಪಂದ್ಯಗಳನ್ನು ಮೂಗಿನಲ್ಲೇ ದಾಟಿಸಿದ್ದ.

ಆಗಸ್ಟ್‌ನ ಪಂದ್ಯದಲ್ಲಿ ರೆನೇಟಾಗೆ ಒಂದನೇ ಚೀಟಿ ಬಂತು.

ಮೊದಲನೆಯವರದು ಪರೀಕ್ಷೆಯ ಎಳೆತ. ಹಿಂದೆ ಕಟ್ಟುವ ಭಾರದ ಬಂಡಿ ಆ ದಿನದ ನೆಲಕ್ಕೆ ಹೊಂದಿದೆಯೋ ಇಲ್ಲವೋ ಎಂಬುದು ಅದರಲ್ಲೇ ಗೊತ್ತಾಗಬೇಕು. ಆ ಕಷ್ಟಕ್ಕೆ ಬದಲಾಗಿ ಅವರಿಗೊಂದು ಹಕ್ಕುಂಟು. ಬಂದ ದೂರ ಸಾಲದು ಅನ್ನಿಸಿದರೆ ಅದನ್ನು ಬಿಟ್ಟುಕೊಟ್ಟು ಕೊನೆಯಲ್ಲಿ ಇನ್ನೊಮ್ಮೆ ಎಳೆಯಬಹುದು. ಆದರೆ ಯೋಚಿಸಿ ಹೇಳುತ್ತೇನೆ ಅನ್ನುವ ಹಾಗಿಲ್ಲ, ಕೊಂಡಿ ಬಿಚ್ಚುವುದರೊಳಗೆ ಹೇಳಬೇಕು.

"ಏನೋ ಆರ್ಲೋ, ಪರೀಕ್ಷೆ ಇಲಿ ಆಗಿಬಿಟ್ಲಲ್ಲೋ ನಿನ್ನ ಮಗಳು," ಅಂದ ಪಕ್ಕದಲ್ಲಿ ನಿಂತಿದ್ದ ಡೆಲ್ಬರ್ಟ್ ಬ್ರೂನ್ಸ್. ಅವನ ಮಗನ ಲಾರಿಗೆ ನಾಲ್ಕನೇ ಚೀಟಿ.

"ನಿನ್ನ ಮಗಂದು ಲಾರಿನೇನೋ? ಅದರ ಹೊಗೆ ನೋಡಿದ್ರೆ ಒಳಗೆ ಯಾರೋ ಕೂತ್ಕೊಂಡು ಸಿಗರೇಟು ಸೇದ್ತಿದ್ದಾರೆ ಅನ್ಸುತ್ತೆ."

ಡೆಲ್ಬರ್ಟ್ ನಕ್ಕ. ಹಸಿರು ಬಾವುಟ ಏರಿತು.

ಲಾರಿ ಗರ್ಜಿಸಿ ಮುಂದಿನ ಚಕ್ರ ನೆಲ ಬಿಟ್ಟೆದ್ದಿತು. ಆರ್ಲೋನ ಕಾಲಡಿಯ ಜೇಡಿಮಣ್ಣು ಅದುರಿತು. ಹೊಗೆ ಎದ್ದು ಬಿಸಿಲಿಗೆ ಅಡ್ಡ ಬಂದದ್ದು ಅವನ ಮುಖಕ್ಕೆ ತಂಪಾಗಿ ತಿಳಿಯಿತು. ಇನ್ನೂರಡಿಯ ಹತ್ತಿರ ಜನ ಒಟ್ಟಿಗೆ ಹೋ ಎಂದರು. ಜನಕ್ಕೆ ಹೊಗೆಯೆಂದರೆ ಪ್ರಾಣ, ಕಪ್ಪಗೆ ಹೆಚ್ಚಿದಷ್ಟೂ ಕೂಗು ಹೆಚ್ಚು. ಮಗಳು ಇವತ್ತು ಆಕಾಶಕ್ಕೇ ಮಸಿ ಬಳಿದಳು ಅಂದುಕೊಂಡ. ಗಾಳಿ ಅವನ ಬೆನ್ನ ಕಡೆಯಿಂದ ಬೀಸುತ್ತಿತ್ತು. ವಾಸನೆಯೆಲ್ಲ ಆಚೆಗೆ, ಜನ ಕೂತ ಮೆಟ್ಟಿಲುಗಳ ಕಡೆಗೆ ಹೋಗಿತ್ತು. ಅವನ ಟೋಪಿ ತಲೆಯ ಮೇಲೇ ಇತ್ತು.

ಇನ್ನೂರ ಎಪ್ಪತ್ತೊಂದು ಅಡಿ. ರೆನೇಟಾ ಲಾರಿಯಿಂದ ಹಾರಿ ಬೇಲಿಯ ಹತ್ತಿರ ಓಡಿಬಂದಳು.

"ಅಪ್ಪ, ಹೊಗೆ ಹೇಗಿತ್ತು? ಇನ್ನೂರು ದಾಟಿದ್ಮೇಲೆ ಒಂದ್ಸಲ ಬಿಕ್ಕಳಿಸಿದ ಹಾಗಾಯ್ತು. ಇಷ್ಟಕ್ಕೇ ಸಾಕು ಅನ್ಲಾ, ಇನ್ನೊಂದ್ಸಲ ಎಳೀಲಾ?"

ಕಾಣಲಿಲ್ಲ ಮಗಳೇ ಅನ್ನಲು ಎಷ್ಟು ಹೊತ್ತು ಬೇಕು? ಎದುರಿಗೆ ಅವಳ ಮುಖವಿರಬೇಕಾದಲ್ಲಿ ಅದೇ ಮಸಿ.

"ಕೊನೇವರೆಗೂ ಕಪ್ಪು," ಅಂದ. "ಬಿಟ್ಟುಕೊಡು. ಮುನ್ನೂರು ಅಡಿ ಇದೆ ಆ ಲಾರೀಲಿ."

"ನೀನು ಅಂದ್ಮೇಲೆ ಆಯ್ತು," ಅಂದು ಅವಳು ಓಡಿದಳು.

ಡೆಲ್ಬರ್ಟ್ ಏನೋ ಹೇಳಲು ಹೊರಟು ಕೆಮ್ಮಿ ಸುಮ್ಮನಾದ. ಇನ್ನೊಬ್ಬರ ಹೊಗೆಯ ಬಗ್ಗೆ ಬಾಯಿ ಹಾಕಬಾರದು. ಅದರಲ್ಲೂ ಎದುರಾಳಿ ಹಾಕಿದರೆ ಹೆದರಿಸಲು ಹೇಳಿದ ಅನ್ನುತ್ತಾರೆ.

ಒಂಬತ್ತು ಲಾರಿಗಳಾದ ಮೇಲೆ ಅವಳ ಸರದಿ ಮತ್ತೆ ಬಂತು. ಈ ಸಲ ನೂರೈವತ್ತು ಅಡಿಯನ್ನೂ ಮುಟ್ಟಲಿಲ್ಲ. ಮೊದಲು ಒಂದು ಕೀರಲು ಕೇಳಿತು, ಆಮೇಲೆ ಕಬ್ಬಿಣವನ್ನು ಕಬ್ಬಿಣವೇ ಮುರಿಯುವ ಸದ್ದು. ಆರ್ಲೋ ಟೋಪಿ ತೆಗೆದ. ಅಷ್ಟರಲ್ಲಿ ಇಂಜಿನ್ನಿನ ಹೊಟ್ಟೆ ಸೀಳಿ ರಾಡು ಹೊರಬಂದಿತ್ತು, ಬಿಸಿ ಎಣ್ಣೆ ನೆಲದ ಮೇಲೆ ಹರಿಯುತ್ತಿತ್ತು.

"ಅವಳಿಗೇನೂ ಆಗಿಲ್ಲ, ಇಳಿದ್ಲು," ಅಂದ ಡೆಲ್ಬರ್ಟ್. "ಮೊದಲ್ನೇ ಸಲವೇ ಬೆಳ್ಳಗೆ ಬಂದಿತ್ತಲ್ಲೋ. ಊರೆಲ್ಲ ನೋಡ್ತು. ಏನೋ ಲೆಕ್ಕ ಹಾಕಿರ್ತೀಯ ಅಂತ ನಾನು ಬಾಯಿ ಮುಚ್ಕೊಂಡೆ. ಮುಚ್ಕೋಬಾರದಿತ್ತು."

ರೆನೇಟಾ ಡೆಲ್ಬರ್ಟನ ಹಿಂದೆಯೇ ಬಂದು ನಿಂತು ಕೇಳಿಸಿಕೊಂಡಿದ್ದಳು. ಅವಳಿಂದ ಸುಟ್ಟ ಎಣ್ಣೆಯ ವಾಸನೆ ಬರುತ್ತಿತ್ತು.

"ಅಪ್ಪ, ನಾನು ಎಷ್ಟು ಬೆರಳು ತೋರಿಸ್ತಿದೀನಿ?"

ಅವನು ಮುಖ ಓರೆ ಮಾಡಿ ಕಣ್ಣಂಚಿನಲ್ಲಿ ಅವಳ ಕೈ ಹುಡುಕಿದ.

"ಎಷ್ಟು ದಿನದಿಂದ?"

"ಕ್ರಿಸ್‌ಮಸ್ಸಿಂದ."

ಅವಳು ಲಾರಿಯ ಮಾತೇ ಎತ್ತಲಿಲ್ಲ. ಮುಂದಿನ ತಿಂಗಳು ಕೊಯ್ಲು, ಜೋಳ ಸಾಗಿಸಲು ಇನ್ನು ಏನೂ ಇಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಬೈಯಲಿ ಎಂದು ಅವನು ಕಾದ. ಬೈದರೆ ಬದುಕಬಹುದಿತ್ತು.

"ಇವತ್ತು ಬೆಳಿಗ್ಗೆ ನಮ್ಮನೆಯಿಂದ ಎಲ್ಸೀನ ನಿನ್ನ ಪಿಕಪ್ಪಲ್ಲಿ ಕೂರಿಸ್ಕೊಂಡು ಬಂದೆಯಲ್ಲ," ಅಂದಳು. ಎಲ್ಸಿ ಅವಳ ಆರು ವರ್ಷದ ಮಗಳು. "ಹೆದ್ದಾರಿ ಮೇಲೆ."

"ನಿಧಾನಕ್ಕೆ ಬಂದೆ. ಪಕ್ಕದ ಬಿಳಿ ಗೆರೆ ಕಾಣುತ್ತೆ ನನಗೆ."

ಅವಳ ದನಿ ಬೇರೆ ಯಾರದೋ ಆಗಿತ್ತು. "ಕೀ ಕೊಡು."

ಅವನು ಜೇಬಿನಿಂದ ತೆಗೆದು ಚಾಚಿದ. ಅವಳು ತೆಗೆದುಕೊಂಡಳು, ಕೈ ತಾಗದ ಹಾಗೆ. "ಇನ್ಮೇಲೆ ಎಲ್ಸಿ ಹತ್ರ ಒಬ್ಬನೇ ಇರ್ಬೇಡ," ಅಂದಳು. ಅವಳ ಬೂಟಿನ ಸಪ್ಪಳ ದೂರವಾಯಿತು. ಟ್ರ್ಯಾಕ್ಟರೊಂದು ಬಂದು ಸತ್ತ ಲಾರಿಯನ್ನು ಎಳೆದುಕೊಂಡು ಹೋಯಿತು.

ಆರ್ಲೋ ಬೇಲಿ ಹಿಡಿದೇ ನಿಂತಿದ್ದ. ಡೆಲ್ಬರ್ಟ್ ಮಗನನ್ನು ನೋಡಲು ಹೋಗಿದ್ದ.

"ಯಜಮಾನ್ರೇ," ಅಂತ ಯಾರೋ ಮೆಲ್ಲಗೆ ಕರೆದರು, ಪಂದ್ಯ ನೋಡಿಕೊಳ್ಳುವವರ ಪೈಕಿ ಒಬ್ಬ. "ಮುಂದಿನ ಪಂದ್ಯದ ತಂಡದೋರು ಇಲ್ಲಿ ನಿಲ್ತಾರೆ. ತಾವು ಸ್ವಲ್ಪ ಮೇಲೆ ಹೋಗಿ ಕೂತ್ಕೋತೀರಾ?"

"ಹೋಗ್ತೀನಪ್ಪ," ಅಂದ. ಹೋಗುವ ದಾರಿ ಯಾವ ಕಡೆ ಎಂದು ಕೇಳಲಿಲ್ಲ. ಬೇಲಿಯ ಸರಳುಗಳನ್ನು ಒಂದೊಂದಾಗಿ ತಡವುತ್ತಾ, ಬಾಗಿಲು ಸಿಗುವವರೆಗೂ ನಡೆದ.